ಹುದುಗಿನ ದಿನಚರಿ: ಹಾಸನ ಸೀಮೆಯ ಅಂಬಲಿ ಮತ್ತು ಇಡ್ಲಿ ಹಿಟ್ಟುಗಳ ನಿದರ್ಶನದಿಂದ

ರಾಗಿಯ ಅಂಬಲಿಯನ್ನು ಮಾಡುವ ಕ್ರಮವೇನೆಂದು ಹಾಸನದ ಸುತ್ತಣ ಹಳ್ಳಿಗಳಲ್ಲಿ ವಿಚಾರಿಸಿದರೆ ದೊರೆಯುವ ಉತ್ತರಗಳು ಮೇಲುನೋಟಕ್ಕೆ ಒಂದೇ ಆಗಿ ತೋರುತ್ತವೆ: ರಾಗಿ ಹಿಟ್ಟು, ನೀರು, ಉಪ್ಪು, ಮಜ್ಜಿಗೆ, ಮತ್ತು ಒಂದು ರಾತ್ರಿ. ಸ್ವಲ್ಪ ಕೆದಕಿ ಕೇಳಿದಲ್ಲಿ ಮಾತ್ರ ಒಂದೇ ಹೆಸರಿನ ಕೆಳಗೆ ಎರಡು ಕ್ರಮಗಳು ಅಡಗಿರುವುದು ತಿಳಿದುಬರುತ್ತದೆ. ಮೊದಲನೆಯದರಲ್ಲಿ ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯೆಲ್ಲ ಇಟ್ಟು, ಹುಳಿ ಬಂದ ಮೇಲೆ ಬೆಳಿಗ್ಗೆ ಕಾಯಿಸುತ್ತಾರೆ. ಎರಡನೆಯದರಲ್ಲಿ ಸಂಜೆಯೇ ಕಾಯಿಸಿ, ಆರಿಸಿ, ಮಡಕೆಯಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುತ್ತಾರೆ. ಮೊದಲನೆಯ ಅಂಬಲಿಯಲ್ಲಿ ಹುಳಿಯನ್ನುಂಟುಮಾಡಿದ ಅಣುಜೀವಿಗಳು ಕುದಿಯುವ ನೀರಿನಲ್ಲಿ ಸತ್ತು, ಅವು ಬಿಟ್ಟುಹೋದ ಆಮ್ಲವಷ್ಟೇ ಉಳಿಯುತ್ತದೆ. ಎರಡನೆಯದರಲ್ಲಿ ಮಡಕೆಯ ಒಳಮೈಯಿಂದಲೂ ಮಜ್ಜಿಗೆಯಿಂದಲೂ ಬಂದ ಅಣುಜೀವಿಗಳು ಜೀವಂತವಾಗಿಯೇ ಕುಡಿಯುವವನ ಹೊಟ್ಟೆಯನ್ನು ಸೇರುತ್ತವೆ. ಅಂಬಲಿಯ ಗುಣಗಳನ್ನು ಕುರಿತು ಮಾತನಾಡುವವರು ಈ ಎರಡರಲ್ಲಿ ಯಾವುದನ್ನು ಕುರಿತು ಮಾತನಾಡುತ್ತಿದ್ದಾರೆಂಬುದನ್ನು ಹೇಳುವುದು ವಿರಳ. ಕಾರಣವು ಸರಳವಾಗಿದೆ. ಯಾರೂ ಅದನ್ನು ಬರೆದಿಟ್ಟಿಲ್ಲ.

ಮನೆಯಲ್ಲಿ ನಡೆಯುವ ಹುದುಗಿಸುವಿಕೆಯನ್ನು ಸರದಿಯಿಂದ ಸರದಿಗೆ ಹೇಗೆ ದಾಖಲಿಸಬೇಕು, ಹಾಗೆ ದಾಖಲಿಸಿದ್ದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಪದ್ಧತಿಯನ್ನು ಅತ್ಯಂತ ಶ್ರದ್ಧೆಯಿಂದ ಬೆಳೆಸಿದವರು ಮನೆಯಲ್ಲಿ ಬಿಯರ್ ತಯಾರಿಸುವ ಪಾಶ್ಚಾತ್ಯ ಹವ್ಯಾಸಿಗಳು. ಬ್ರಿಟನ್ನಿನಲ್ಲಿ ಇದಕ್ಕೆ ಬೇಕಾಗಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1978ರ ಕಾಯಿದೆಯೊಂದು ಮನೆಬಳಕೆಯ ಬಿಯರನ್ನು ಒಕ್ಕೂಟದ ತೆರಿಗೆಯಿಂದ ಮುಕ್ತಗೊಳಿಸಿತು. ಅಲ್ಲಿಂದೀಚೆಗೆ ಆ ಹವ್ಯಾಸಿಗಳಲ್ಲಿ ಪ್ರತಿಯೊಂದು ಸರದಿಗೂ ಒಂದೊಂದು ಪುಟವನ್ನು ಮೀಸಲಿಡುವುದು ರೂಢಿಯಾಗಿದೆ: ಧಾನ್ಯದ ತೂಕ, ನೀರಿನ ಉಷ್ಣತೆ, ಯೀಸ್ಟಿನ ಜಾತಿ, ಮೊದಲ ಸಾಂದ್ರತೆ, ಕಡೆಯ ಸಾಂದ್ರತೆ, ರುಚಿ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಅಧಿನಿಯಮದ ಮೇರೆಗೆ ಅನುಮತಿಯಿಲ್ಲದೆ ಮಾದಕ ಪಾನೀಯವನ್ನು ತಯಾರಿಸುವುದು ಅಪರಾಧವಾಗುತ್ತದೆ. ಆದಕಾರಣ ಆ ಹವ್ಯಾಸಿಗಳ ಪೀಪಾಯಿಯನ್ನು ಅವರಲ್ಲಿಯೇ ಬಿಟ್ಟು ಪುಸ್ತಕವನ್ನು ಮಾತ್ರ ಎರವಲು ತರೋಣ. ಅಂಬಲಿಯ ಮಡಕೆ, ಇಡ್ಲಿ ಹಿಟ್ಟಿನ ಪಾತ್ರೆ, ಹೆಪ್ಪು ಹಾಕಿದ ಹಾಲು, ಇವೆಲ್ಲವೂ ಹುದುಗಿಸುವಿಕೆಯ ಪ್ರಯೋಗಶಾಲೆಗಳೇ.

ದಾಖಲೆಯಲ್ಲಿ ಒಂದು ಅಂಶ ಬಿಟ್ಟುಹೋದರೆ ಆಗುವ ನಷ್ಟಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ಲೋಕೋಪಕಾರವು ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸುವ ಕ್ರಮವನ್ನು ತಿಳಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಉದ್ದಿನಿಂದ ಮಾಡುವ ‘ಇಡ್ಡರಿಕಾ’ ಬರುತ್ತದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರೇತಿಹಾಸಜ್ಞ ಕೆ. ಟಿ. ಅಚಯ ಅವರು ಈ ಹಳೆಯ ಉಲ್ಲೇಖಗಳನ್ನು ಪರಿಶೀಲಿಸಿ, ಇಂದಿನ ಇಡ್ಲಿಯ ಮೂರು ಲಕ್ಷಣಗಳು, ಎಂದರೆ ಅಕ್ಕಿಯ ತರಿ, ದೀರ್ಘಕಾಲದ ಹುದುಗು ಮತ್ತು ಹಬೆಯಲ್ಲಿ ಬೇಯಿಸುವುದು, ಅವುಗಳಲ್ಲಿ ಕಾಣುವುದಿಲ್ಲವೆಂದು ತೋರಿಸಿದರು. ಇಡ್ಲಿಯ ಕಲೆ ಇಂಡೊನೇಷ್ಯದ ಕಡೆಯಿಂದ ಬಂದಿರಬಹುದೆಂದೂ ಊಹಿಸಿದರು. ಈ ಊಹೆಯನ್ನು ಒಪ್ಪದವರೂ ಉಂಟು. ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದ ಸಂಗತಿ ಬೇರೆ. ಮೊಸರಿನ ತಿಳಿಯನ್ನು ಬೆರೆಸಿದ ಉದ್ದಿನ ಹಿಟ್ಟನ್ನು ನಮ್ಮ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೆ ಅದು ಹುದುಗಿಯೇ ತೀರುತ್ತದೆ. ಒಡನೆಯೇ ಬೇಯಿಸಿದರೆ ಹುದುಗುವುದಿಲ್ಲ. ಗ್ರಂಥವು ಪದಾರ್ಥಗಳನ್ನು ಹೇಳಿತು, ಎಷ್ಟು ಹೊತ್ತು ಇಡಬೇಕೆಂಬುದನ್ನು ಹೇಳಲಿಲ್ಲ. ಬಹುಶಃ ಅಂದಿನ ಓದುಗರಿಗೆ ಅದು ಹೇಳಬೇಕಾದ ಮಾತಾಗಿರಲಿಲ್ಲ. ‘ಇಷ್ಟು ಜಾವ’ ಎಂಬ ಒಂದು ಮಾತು ಇದ್ದಿದ್ದರೆ ಸಾವಿರ ವರ್ಷಗಳ ಅನಂತರದ ಈ ಚರ್ಚೆಯ ಅರ್ಧಭಾಗ ಹುಟ್ಟುತ್ತಲೇ ಇರಲಿಲ್ಲ.

ಇದೇ ತಪ್ಪನ್ನು ಈ ಲೇಖಕನೂ ಮಾಡಿದ್ದಾನೆ. ಮೊಸಳೆಯ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟಿನ ವಿಚಾರವಾಗಿ ಒಂದು ನೋಟುಪುಸ್ತಕವನ್ನು ಇಟ್ಟಿದ್ದೆ. ಮಾಗಿಯ ಒಂದು ದಿನ ಅದರಲ್ಲಿ ಬರೆದದ್ದು: ‘ಹಿಟ್ಟು ಏಳಲಿಲ್ಲ. ಚಳಿ.’ ಕೆಲವು ತಿಂಗಳ ಮೇಲೆ, ಬೇಸಿಗೆಯಲ್ಲಿಯೇ, ಮತ್ತೊಮ್ಮೆ ಹಿಟ್ಟು ಏಳಲಿಲ್ಲ. ಹಿಂದಿನ ಪುಟವನ್ನು ತೆಗೆದು ನೋಡಿದರೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಚಳಿ ಎಂದರೆ ಎಷ್ಟು ಡಿಗ್ರಿ? ಆ ಉದ್ದು ಹೊಸದೋ, ವರ್ಷದ ಹಿಂದಿನದೋ? ಒರಳಿನಲ್ಲಿ ರುಬ್ಬಿದ್ದೋ, ಮಿಕ್ಸಿಯಲ್ಲೋ? ಪುಟವು ಸುಮ್ಮನಿತ್ತು. ಘಟನೆಯನ್ನು ಬರೆಯಬೇಕಾದ ಸ್ಥಳದಲ್ಲಿ ನಾನು ಕಾರಣವನ್ನು ಬರೆದಿದ್ದೆ. ಆ ಕಾರಣವಾದರೋ ನನ್ನ ಊಹೆ. ಮನೆಯಲ್ಲಿ ಹಿರಿಯರು ಆಗಲೇ ‘ಉದ್ದು ಮುಗ್ಗಲು, ಅದಕ್ಕೇ’ ಎಂದು ಹೇಳಿದ್ದರು. ಅದನ್ನು ನಾನು ಬರೆದುಕೊಂಡಿರಲಿಲ್ಲ. ಅವರು ಈಗ ಇಲ್ಲ.

ಹುದುಗಿನ ವಿದ್ಯೆ ಬಾಯಿಮಾತಿನಲ್ಲಿ ಬಂದದ್ದು, ಅದರಲ್ಲಿಯೂ ಹೆಂಗಸರ ಬಾಯಿಮಾತಿನಲ್ಲಿ. ಈಗ ಪೊಟ್ಟಣದ ಹಿಟ್ಟು ಅಂಗಡಿಗಳಲ್ಲಿ ಸಿಗುತ್ತಿರುವುದರಿಂದ ಎಷ್ಟೋ ಮನೆಗಳಲ್ಲಿ ಆ ಮಾತಿಗೆ ಸಂದರ್ಭವೇ ತಪ್ಪಿಹೋಗುತ್ತಿದೆ. ಆದುದರಿಂದ ದಾಖಲೆಯ ಪುಟದಲ್ಲಿ ಅಳತೆಯ ಅಂಕಿಗಳಿಗೆ ಎಷ್ಟು ಸ್ಥಳವೋ ಮಾಡುವವರ ಮಾತಿಗೂ ಅಷ್ಟೇ ಸ್ಥಳವಿರತಕ್ಕದ್ದು, ಅದೂ ಅವರು ಆಡಿದ ಹಾಗೆಯೇ. ‘ಕೈಗೆ ಹಗುರ’, ‘ಎಳಸು ಹುಳಿ’, ‘ಮುಗ್ಗಲು’ ಎಂಬಂಥ ಶಬ್ದಗಳನ್ನು ಗ್ರಂಥಭಾಷೆಗೆ ತಿದ್ದಿ ಬರೆದರೆ ಅವುಗಳ ಅರ್ಥದ ಬಹುಭಾಗ ಸೋರಿಹೋಗುತ್ತದೆ.

ಇಂಥ ಮಾತುಗಳನ್ನು ಕೇವಲ ರೂಢಿಯೆಂದು ತಳ್ಳಿಹಾಕುವುದು ಸರಿಯಲ್ಲ. ರುಬ್ಬಿದ ಉದ್ದಿನ ಹಿಟ್ಟಿನ ಒಂದು ತೊಟ್ಟನ್ನು ನೀರಿನ ಲೋಟಕ್ಕೆ ಬಿಟ್ಟು, ತೇಲಿದರೆ ಸಾಕು, ಮುಳುಗಿದರೆ ಇನ್ನೂ ರುಬ್ಬಬೇಕು ಎನ್ನುವುದು ಅನೇಕ ಮನೆಗಳ ಪರೀಕ್ಷೆ. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಇದು ಸಾಂದ್ರತೆಯ ಮಾಪನ: ರುಬ್ಬುವಾಗ ಹಿಟ್ಟಿನೊಳಗೆ ಸೇರಿದ ಗಾಳಿಯಿಂದ ಅದರ ಸಾಪೇಕ್ಷ ಸಾಂದ್ರತೆ 1ಕ್ಕಿಂತ ಕಡಿಮೆಯಾಗಿದೆಯೇ ಎಂಬುದರ ನಿರ್ಣಯ. ಆ ಗಾಳಿಯನ್ನು ಹಿಡಿದಿಡುವ ಶಕ್ತಿ ಉದ್ದಿಗೆ ಎಲ್ಲಿಂದ ಬಂತೆಂಬುದನ್ನು ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್ ಅವರು 1970ರ ದಶಕದಲ್ಲಿ ಶೋಧಿಸಿದರು. ಉದ್ದಿನಲ್ಲಿರುವ ಗ್ಲಾಬ್ಯುಲಿನ್ ಎಂಬ ಪ್ರೋಟೀನೂ ಅರಾಬಿನೊಗ್ಯಾಲಕ್ಟನ್ ಎಂಬ ಲೋಳೆಯ ಪದಾರ್ಥವೂ ಸೇರಿ ನೊರೆಯನ್ನು ಹುಟ್ಟಿಸಿ ನಿಲ್ಲಿಸುತ್ತವೆ. ಬೇರೆ ಬೇಳೆಯನ್ನು ಹಾಕಿ ಇಡ್ಲಿ ಮಾಡಹೊರಟವರು ಮೋಸಹೋಗುವುದು ಇಲ್ಲಿಯೇ.

ಬಿಯರಿನವರ ತೇಲುವ ಉಪಕರಣವಾದ ಹೈಡ್ರೋಮೀಟರ್ ಕೂಡ ಇದೇ ತತ್ತ್ವದ್ದು. ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ ಎಂಬಾತ 1784ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದರ ಬಳಕೆ ಆ ಉದ್ಯಮದಲ್ಲಿ ಹರಡಿತು. ಅದುವರೆಗೆ ಅಲ್ಲಿಯವರು ಕಂದು ಬಣ್ಣದ ಅಗ್ಗದ ಮಾಲ್ಟೇ ಲಾಭಕರವೆಂದು ನಂಬಿದ್ದರು. ಪ್ರತಿ ಸರದಿಯ ಸಾಂದ್ರತೆಯನ್ನು ಬರೆದಿಟ್ಟು ಹೋಲಿಸತೊಡಗಿದ ಮೇಲೆ, ಬೆಲೆ ಹೆಚ್ಚಾದರೂ ತಿಳಿಬಣ್ಣದ ಮಾಲ್ಟಿನಿಂದ ಹೊರಡುವ ಸಕ್ಕರೆಯ ಅಂಶವು ಬಹಳ ಹೆಚ್ಚೆಂಬುದು ಬಯಲಾಯಿತು. ಉದ್ಯಮವೇ ದಾರಿ ಬದಲಿಸಿತು. ತಲೆಮಾರುಗಳ ಅನುಭವವು ಗುರುತಿಸದೆ ಹೋದುದನ್ನು ಲೆಕ್ಕದ ಪುಸ್ತಕ ಗುರುತಿಸಿತು.

ಇನ್ನು ಏನನ್ನು ಬರೆಯಬೇಕೆಂಬ ವಿಚಾರ. ಎಲ್ಲಕ್ಕಿಂತ ಮೊದಲು ಉಷ್ಣತೆ. ಹಾಸನ ಸೀಮೆ ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಮಾಗಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಇಡ್ಲಿ ಹಿಟ್ಟಿಗೆ ಹಿತವಾದದ್ದು 30 ಡಿಗ್ರಿ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಆಗುವ ಕೆಲಸಕ್ಕೆ ಮಾಗಿಯಲ್ಲಿ ಒಂದು ಹಗಲೂ ಬೇಕಾಗುವುದು ಇದರಿಂದಲೇ. ಅಳೆಯಬೇಕಾದದ್ದು ಹಿಟ್ಟಿನ ಉಷ್ಣತೆಯನ್ನು. ಕೋಣೆಯದನ್ನು ಅಳೆದರೆ ಸಾಲದು. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟು ಬಿಸಿಯಾಗಿಯೇ ಹೊರಬರುತ್ತದೆ, ಒಲೆಯ ಬದಿಯ ಪಾತ್ರೆಗೆ ಅದರದೇ ಒಂದು ಹವೆ ಇರುತ್ತದೆ. ಉಷ್ಣಮಾಪಕವನ್ನು ಪರೀಕ್ಷಿಸುವಾಗ ನಮ್ಮ ವಿದ್ಯಾರ್ಥಿಗಳು ಒಂದು ಎಚ್ಚರಿಕೆ ವಹಿಸಬೇಕು. ಕುದಿಯುವ ನೀರಿನಲ್ಲಿ ಅದು 100 ತೋರಿಸಬೇಕೆಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಹಾಸನದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸರಿಯಾಗಿರುವ ಉಪಕರಣವನ್ನು ಕೆಟ್ಟಿದೆಯೆಂದು ಎಸೆಯುವ ಪ್ರಸಂಗ ಹೀಗೆ ಒದಗುತ್ತದೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಸೊನ್ನೆಯನ್ನು ನೋಡಿಕೊಳ್ಳುವುದು ಕ್ಷೇಮ.

ಅಳತೆಯ ವಿಷಯ ಇನ್ನೂ ತೊಡಕಿನದು. ಮೆಟ್ರಿಕ್ ಪದ್ಧತಿಯ ಕಾಯಿದೆ 1956ರಲ್ಲಿಯೇ ಬಂದಿದ್ದರೂ ಅಡಿಗೆಯ ಮನೆಯಲ್ಲಿ ಪಾವು, ಅಚ್ಚೇರು, ಸೇರುಗಳು ಇನ್ನೂ ಮಾಯವಾಗಿಲ್ಲ. ಮಾಯವಾಗಬೇಕೆಂದು ನಾವು ಬಯಸುವುದೂ ಇಲ್ಲ. ಪಾವು ಗಾತ್ರದ ಅಳತೆಯಾದುದರಿಂದ ಒಂದು ಪಾವು ಅಕ್ಕಿಯೂ ಒಂದು ಪಾವು ಉದ್ದೂ ಒಂದೇ ತೂಕದವಲ್ಲ. ತುಂಬಿ ತುಳುಕುವ ಪಾವಿಗೂ ಕೈಯಿಂದ ಮಟ್ಟ ಹೊಡೆದ ಪಾವಿಗೂ ಅಂತರವುಂಟು. ಮನೆಯ ಪಾವನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ, ಪುಸ್ತಕದ ಮೊದಲ ಪುಟದಲ್ಲಿ ‘ನಮ್ಮ ಪಾವಿಗೆ ಅಕ್ಕಿ ಇಷ್ಟು ಗ್ರಾಂ, ಉದ್ದು ಇಷ್ಟು, ರಾಗಿ ಇಷ್ಟು’ ಎಂದು ಬರೆದಿಟ್ಟರೆ ಆಮೇಲೆ ನಿಶ್ಚಿಂತೆಯಿಂದ ಪಾವಿನಲ್ಲಿಯೇ ಅಳೆಯಬಹುದು.

ಧಾನ್ಯದ ತಳಿಯನ್ನೂ ಬರೆಯಬೇಕು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಲಕ್ಷ್ಮಣಯ್ಯನವರು ಮಂಡ್ಯದ ವಿ. ಸಿ. ಫಾರಂನಲ್ಲಿ ‘ಇಂಡಾಫ್’ ತಳಿಗಳನ್ನು ಹೊರತಂದ ಮೇಲೆ ಹಳೆಯ ಮೈಸೂರಿನ ಹೊಲಗಳಲ್ಲಿ ರಾಗಿಯೆಂಬ ಹೆಸರಿಗೆ ಹಿಂದಿದ್ದ ಅರ್ಥ ಉಳಿದಿಲ್ಲ. ರಾಗಿ ಮೊಳಕೆ ಕಟ್ಟಿಸಿದ್ದೋ ಅಲ್ಲವೋ ಎಂಬುದೂ ಮುಖ್ಯ. ಮೊಳೆತ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ವಿಪುಲವಾಗಿರುವುದರಿಂದ ಅದರ ಗಂಜಿ ತೆಳುವಾಗಿ, ಬೇಗ ಹುಳಿಯುತ್ತದೆ. ಇದೇ ಧಾನ್ಯದಿಂದ ಹಿಮಾಲಯದ ಪ್ರಾಂತಗಳಲ್ಲಿ ಛಾಂಗ್ ಎಂಬ ಪಾನೀಯವನ್ನು ಮಾಡುವಾಗ ಮೊಳಕೆಯ ಬದಲು ‘ಮರ್ಚಾ’ ಎಂಬ ಬೂಷ್ಟು ಮತ್ತು ಯೀಸ್ಟುಗಳ ಬಿಲ್ಲೆಯನ್ನು ಬೆರೆಸುತ್ತಾರೆ. ಉಪ್ಪನ್ನು ಹುದುಗುವ ಮೊದಲು ಹಾಕಿದರೋ ಅನಂತರವೋ, ಮೆಂತ್ಯ ಸೇರಿಸಿದರೋ ಇಲ್ಲವೋ, ನೀರು ಬಾವಿಯದೋ ನಲ್ಲಿಯದೋ, ಇವನ್ನೂ ಒಂದೊಂದು ಮಾತಿನಲ್ಲಿ ಗುರುತಿಸಿದರೆ ಸಾಕು.

ಫಲಿತಾಂಶವನ್ನು ಬರೆಯುವಾಗ ಏಳುವುದನ್ನೂ ಹುಳಿಯುವುದನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂಬುದಕ್ಕೆ ವೈಜ್ಞಾನಿಕ ಆಧಾರವಿದೆ. 1965ರಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು ಅಮೆರಿಕದಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಅದು ಅನಿಲವನ್ನೂ ಆಮ್ಲವನ್ನೂ ಎರಡನ್ನೂ ಹುಟ್ಟಿಸುತ್ತದೆ. ಅದರ ತರುವಾಯ ಬರುವ ಇತರ ಬ್ಯಾಕ್ಟೀರಿಯಗಳು ಹುಳಿಯನ್ನು ಹೆಚ್ಚಿಸುತ್ತವೆ. ಆದುದರಿಂದ ಚೆನ್ನಾಗಿ ಎದ್ದೂ ಹುಳಿಯಿಲ್ಲದ ಹಿಟ್ಟು, ಹುಳಿ ಬಂದೂ ಬಿದ್ದುಹೋದ ಹಿಟ್ಟು, ಎರಡೂ ಸಾಧ್ಯ. ಏರಿಕೆಯನ್ನು ಅಳೆಯಲು ನೇರ ಗೋಡೆಯ ಗಾಜಿನ ಲೋಟವೊಂದಕ್ಕೆ ಕಾಗದದ ಪಟ್ಟಿ ಅಂಟಿಸಿ, ದೊಡ್ಡ ಪಾತ್ರೆಯ ಹಿಟ್ಟಿನ ಸ್ವಲ್ಪ ಭಾಗವನ್ನು ಅದರಲ್ಲಿಟ್ಟು, ಎರಡೆರಡು ಗಂಟೆಗೊಮ್ಮೆ ಗೆರೆ ಎಳೆದರಾಯಿತು. ಹುಳಿಗೆ ಪಿಎಚ್ ಕಾಗದ ಸಾಕು. ಪಿಎಚ್ ಎಂಬ ಈ ಮಾನವೂ ಮೂಲತಃ ಬಿಯರಿನ ಮನೆಯದೇ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್‌ಸನ್ 1909ರಲ್ಲಿ ಅದನ್ನು ರೂಪಿಸಿದನು.

ಕೆಲವರ ಕೈಗೆ ಹುದುಗು ಚೆನ್ನಾಗಿ ಬರುತ್ತದೆ, ಕೆಲವರ ಕೈಗೆ ಬರುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಹಿಟ್ಟನ್ನು ಸೌಟಿನಿಂದ ಕಲಸದೆ ಕೈಯಿಂದಲೇ ಕಲಸಬೇಕೆನ್ನುವವರೂ ಬಹಳ. ಹುದುಗಿಸುವ ಬ್ಯಾಕ್ಟೀರಿಯಗಳು ಬೇಳೆಯಲ್ಲಿಯೇ ಇರುತ್ತವೆಂದು ತಿಳಿದಿರುವುದರಿಂದ ಕೈಯಿಲ್ಲದೆಯೂ ಹಿಟ್ಟು ಏಳಬೇಕು. ಕೈ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆಯೇ ಎಂಬುದು ಪ್ರಯೋಗದಿಂದ ತೀರ್ಮಾನವಾಗಬೇಕಾದ ಪ್ರಶ್ನೆ. ಇಂದು ಕೈಯಿಂದ ಕಲಸಿ, ನಾಳೆ ಸೌಟಿನಿಂದ ಕಲಸಿ ಹೋಲಿಸಿದರೆ ಅದು ತೀರ್ಮಾನವಾಗದು. ಇಂದಿನ ಹವೆ ನಾಳೆ ಇರುವುದಿಲ್ಲ. ಒಂದೇ ಹಿಟ್ಟನ್ನು ಎರಡು ಪಾತ್ರೆಗಳಿಗೆ ಹಂಚಿ, ಒಂದನ್ನು ಕೈಯಿಂದ, ಇನ್ನೊಂದನ್ನು ಸೌಟಿನಿಂದ ಕಲಸಿ, ಒಂದೇ ಸ್ಥಳದಲ್ಲಿಡಬೇಕು. ಮೊಸಳೆಯ ನಾಗೇಶ್ವರ, ಚೆನ್ನಕೇಶವ ಗುಡಿಗಳನ್ನು ನೋಡಿದವರಿಗೆ ಇದರ ಮರ್ಮ ಹೊಸದಲ್ಲ: ಬಹುಮಟ್ಟಿಗೆ ಒಂದೇ ಅಚ್ಚಿನ ಎರಡು ಕಟ್ಟಡಗಳು ಪಕ್ಕಪಕ್ಕದಲ್ಲಿರುವುದರಿಂದಲೇ ಅವುಗಳ ಸಣ್ಣ ಭೇದಗಳೂ ಕಣ್ಣಿಗೆ ಬೀಳುತ್ತವೆ. ಇಂಥ ಜೋಡಿ ಪ್ರಯೋಗವನ್ನು ಎಷ್ಟು ಸಲ ಮಾಡಿದರೆ ಸಾಕು? ಮನೆಯಲ್ಲಿ ಸಾವಿರ ಸಲ ಮಾಡುವುದು ಆಗದ ಮಾತು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಸಂಸ್ಥೆಯಲ್ಲಿ ನೌಕರನಾಗಿದ್ದ ವಿಲಿಯಂ ಗಾಸೆಟ್‌ನಿಗೂ ಇದೇ ತೊಂದರೆ ಎದುರಾಯಿತು. ಕೆಲವೇ ಅಳತೆಗಳಿಂದ ಎಷ್ಟು ಮಟ್ಟಿನ ನಿಶ್ಚಯಕ್ಕೆ ಬರಬಹುದೆಂಬುದನ್ನು ಅವನು ಗಣಿತದಿಂದ ಬಿಡಿಸಿ, ಸಂಸ್ಥೆಯ ನಿರ್ಬಂಧದ ಕಾರಣ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ 1908ರಲ್ಲಿ ಪ್ರಕಟಿಸಿದನು. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಟಿ-ಪರೀಕ್ಷೆಯೆಂದು ಕಲಿಸುವುದು ಇದನ್ನೇ. ಹತ್ತು ಹನ್ನೆರಡು ಜೋಡಿಗಳ ದಾಖಲೆಯಿದ್ದರೆ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬನು ಈ ಪರೀಕ್ಷೆಯನ್ನು ಅನ್ವಯಿಸಿ ಅಜ್ಜಿಯ ಮಾತಿನ ಬಲಾಬಲವನ್ನು ತಿಳಿಯಬಹುದು. ಬೋಧಕರು ಇದನ್ನು ವಾರ್ಷಿಕ ಅಭ್ಯಾಸವಾಗಿ ಕೊಟ್ಟರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಖರ್ಚು ಅಲ್ಪ, ಪ್ರಯೋಗದ ಶೇಷವನ್ನು ತಿನ್ನಲೂಬಹುದು.

ದಾಖಲೆಯ ಮಿತಿಯನ್ನೂ ಹೇಳದಿದ್ದರೆ ತಪ್ಪಾದೀತು. ಸಕ್ಕರೆಯ ದ್ರವವು ಹುದುಗುವ ಮುನ್ನ ಸಾಪೇಕ್ಷ ಸಾಂದ್ರತೆ 1.050 ಇದ್ದು, ಹುದುಗಿದ ಮೇಲೆ 1.010ಕ್ಕೆ ಇಳಿದರೆ, ಅಂತರವಾದ 0.040ನ್ನು 131.25ರಿಂದ ಗುಣಿಸಿ, ಗಾತ್ರದ ಲೆಕ್ಕದಲ್ಲಿ ಶೇಕಡ 5.25ರಷ್ಟು ಮದ್ಯಸಾರ ಉಂಟಾಗಿದೆಯೆಂದು ಹವ್ಯಾಸಿಗಳು ಎಣಿಸುತ್ತಾರೆ. ಈ ಲೆಕ್ಕ ಸರಿಯಾಗಿರುವುದು ಪಾತ್ರೆಯಲ್ಲಿರುವುದು ಏನೆಂದು ಮೊದಲೇ ತಿಳಿದಿದ್ದಾಗ ಮಾತ್ರ. ಹೊರಗಿನಿಂದ ಬೆರೆಸಿದ ಮಿಥೈಲ್ ಮದ್ಯಸಾರವನ್ನು ಹೈಡ್ರೋಮೀಟರ್ ಬೇರೆಯಾಗಿ ಗುರುತಿಸಲಾರದು, ನಾಲಗೆಯೂ ಗುರುತಿಸಲಾರದು. 1981ರಲ್ಲಿ ಬೆಂಗಳೂರಿನಲ್ಲಿ ಅಂಥ ವಿಷಬೆರೆತ ಕಳ್ಳಸಾರಾಯಿಯಿಂದ 300ಕ್ಕೂ ಹೆಚ್ಚು ಜನ ಸತ್ತರು. ಕೊಡಗಿನ ಮನೆಗಳ ಹಣ್ಣಿನ ವೈನು, ಮಂಗಳೂರಿನ ಕ್ರೈಸ್ತ ಮನೆಗಳ ಕ್ರಿಸ್‌ಮಸ್ಸಿನ ದ್ರಾಕ್ಷಿ ವೈನು ಪ್ರಸಿದ್ಧವಾಗಿರುವುದು ನಿಜ. ಅವು ಬಟ್ಟಿ ಇಳಿಸದ ಪಾನೀಯಗಳಾದುದರಿಂದ ಅವುಗಳ ಸಂಗತಿಯೂ ಬೇರೆ. ಆದರೂ ಈ ಲೇಖನವನ್ನೋದಿದ ವಿದ್ಯಾರ್ಥಿಯು ಅಂಬಲಿಯನ್ನು ದಾಟಿ ಮುಂದೆ ಹೋಗಬೇಕಾದ ಅಗತ್ಯ ಏನೂ ಇಲ್ಲ. ಹಾಗೆಯೇ ಅಂಬಲಿಯಲ್ಲಿಯೂ ಹಿಟ್ಟಿನಲ್ಲಿಯೂ ಹಸುರು, ಕಪ್ಪು, ಕೆಂಪು ಬೂಷ್ಟು ಕಂಡುಬಂದರೆ ಅದನ್ನು ಪುಸ್ತಕದಲ್ಲಿ ಬರೆದು, ಪಾತ್ರೆಯಲ್ಲಿದ್ದುದನ್ನು ಪೂರ್ತಿಯಾಗಿ ಚೆಲ್ಲತಕ್ಕದ್ದು. ಮೇಲಿನ ಪದರವನ್ನು ತೆಗೆದು ಉಳಿದುದನ್ನು ಉಪಯೋಗಿಸಬಾರದು.

ಕೆಟ್ಟ ಸರದಿಯನ್ನು ಬರೆಯಲು ಎಲ್ಲರಿಗೂ ಬೇಸರ. ಚೆನ್ನಾಗಿ ಬಂದ ದಿನಗಳನ್ನಷ್ಟೇ ಬರೆದ ಪುಸ್ತಕದಿಂದ ಏಕೆ ಚೆನ್ನಾಗಿ ಬಂತೆಂಬುದು ತಿಳಿಯುವುದಿಲ್ಲ. ಬರವಣಿಗೆಯನ್ನು ಆಯಾ ಹೊತ್ತಿಗೇ ಮುಗಿಸಬೇಕು. ರಾತ್ರಿ ಕಲಸಿದ ಗಂಟೆಯನ್ನು ಬೆಳಿಗ್ಗೆ ನೆನಪಿನಿಂದ ಬರೆದರೆ ಅದು ಬಹುತೇಕ ಪೂರ್ಣಾಂಕವಾಗಿಯೇ ಇರುತ್ತದೆ. ತಿಳಿದ ಸಂಗತಿಗೂ ಊಹೆಗೂ ಬೇರೆ ಬೇರೆ ಅಂಕಣಗಳಿರಲಿ. ಅಂಬಲಿಗೆ ಮಣ್ಣಿನ ಮಡಕೆಯನ್ನು ಬಳಸುವವರು ಮಡಕೆಯನ್ನು ಹೇಗೆ ತೊಳೆದರೆಂಬುದನ್ನೂ ಬರೆಯಬೇಕು: ಬರಿಯ ನೀರಿನಿಂದಲೋ, ಬೂದಿಯಿಂದಲೋ, ಸೋಪಿನಿಂದಲೋ, ತೊಳೆದ ಮೇಲೆ ಬಿಸಿಲಿಗೆ ಒಣಗಿಸಿದರೋ ಇಲ್ಲವೋ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಹಿಂದಿನ ಸರದಿಯ ಅಣುಜೀವಿಗಳು ಉಳಿದು ಮುಂದಿನದಕ್ಕೆ ಹೆಪ್ಪಾಗುವುದರಿಂದ ಹಳೆಯ ಮಡಕೆ ಹೊಸದಕ್ಕಿಂತ ಬೇಗ ಹುಳಿ ಬರಿಸುತ್ತದೆ. ಆ ಮಡಕೆ ಒಡೆದ ದಿನ, ಹೊಸದನ್ನು ತಂದ ದಿನ, ಹೊಸದರಲ್ಲಿ ಅಂಬಲಿ ಮೊದಲಿನ ಹದಕ್ಕೆ ಬರಲು ಹಿಡಿದ ಸರದಿಗಳ ಸಂಖ್ಯೆ, ಈ ಮೂರಕ್ಕೂ ಪುಸ್ತಕದ ಕೊನೆಯಲ್ಲಿ ಒಂದು ಪುಟವನ್ನು ಬಿಟ್ಟಿರಬೇಕು.